ಮೂರು ರಿಪೋರ್ಟ್, ಮೂರು ಹೆಸರು: ನಮ್ಮ ಮಗೂಗೆ ಇರೋದು ಯಾವ ಆಟಿಸಂ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಬೆಂಗಳೂರಲ್ಲಿ ತೋರಿಸಿದಾಗ ‘ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್, ಲೆವೆಲ್ 2’ ಅಂತ ಬರೆದ್ರು. ಅಂಗವೈಕಲ್ಯ ಸರ್ಟಿಫಿಕೇಟ್‌ಗೆ ಹೋದಾಗ ‘ಮೈಲ್ಡ್ ಆಟಿಸಂ’ ಅಂದ್ರು. ಥೆರಪಿ ಸೆಂಟರ್‌ನವರ ಫೈಲಲ್ಲಿ ‘ಪಿಡಿಡಿ-ಎನ್‌ಓಎಸ್’ ಅಂತಿದೆ. ಅಮೆರಿಕದಲ್ಲಿರೋ ನನ್ನ ಮೈದುನ, ಹುಡುಗ ಇಷ್ಟು ಚುರುಕಿದಾನೆ ಅಂದ್ರೆ ಇದು ಆಸ್ಪರ್ಜರ್ಸೇ ಅಂತಾರೆ. ಅತ್ತೆ, ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ದಿನಾ ಅಂತಾರೆ. ಬಸ್ಸಿನ ಬೋರ್ಡೆಲ್ಲಾ ಓದ್ತಾನೆ, ಎಬಿಸಿಡಿ ಹಿಂದಿನಿಂದ ಹೇಳ್ತಾನೆ, ಆದ್ರೆ ಹೊಟ್ಟೆ ಹಸಿದ್ರೆ ಹೇಳಕ್ಕೆ ಬರಲ್ಲ. ಅವನಿಗಿರೋದು ಯಾವ ವಿಧ? ಯಾವ ರಿಪೋರ್ಟ್ ನಂಬಲಿ?
ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಮೇಡಂ, ಮೊದಲೇ ಹೇಳಿಬಿಡ್ತೀನಿ, ನಿಮ್ಮ ಕೈಲಿರೋ ಮೂರು ಪೇಪರ್‌ಗಳೂ ಒಬ್ಬನೇ ಹುಡುಗನ್ನ ಮೂರು ಬೇರೆ ಅಳತೆಗೋಲಲ್ಲಿ ಅಳೆದಿರೋವು, ಹಾಗಾಗಿ ಹೆಸರು ಬೇರೆ ಬಂದಿದೆ, ಅಷ್ಟೇ. ಅದ್ರಲ್ಲೊಂದು ಅಳತೆಗೋಲನ್ನ ಕೈಬಿಟ್ಟು ಹತ್ತು ವರ್ಷದ ಮೇಲಾಯ್ತು. ಯಾವ್ದು ಏನಕ್ಕೆ ಅಂತ ಒಂದೊಂದಾಗಿ ನೋಡೋಣ, ಆಮೇಲೆ ‘ಯಾವ ವಿಧ’ ಅನ್ನೋ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಆ ಪ್ರಶ್ನೆಗೆ ಉತ್ತರ ಇದೆ, ಆದ್ರೆ ಅದು ಈ ಮೂರು ಪೇಪರಲ್ಲೂ ಇಲ್ಲ.

‘ಲೆವೆಲ್ 2’ ಅನ್ನೋದು ಡಿಎಸ್‌ಎಂ-5 ಅನ್ನೋ ಕೈಪಿಡಿಯ ಭಾಷೆ, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದಿದ್ದು. ಅದ್ರ ಪ್ರಕಾರ ಆಟಿಸಂಗೆ ಒಂದೇ ಹೆಸರು, ನೋಡೋದು ಎರಡು ಭಾಗ. ಜನರ ಜೊತೆ ಬೆರೆಯೋದು, ಕಣ್ಣು ಸನ್ನೆ ಮಾತು, ಜೊತೆಗೆ ಆಡೋದು ಇದೆಲ್ಲಾ ಒಂದು ಭಾಗ. ಮಾಡಿದ್ದೇ ಮಾಡೋದು, ಒಂದೇ ವಿಷಯಕ್ಕೆ ಅಂಟ್ಕೊಳೋದು, ದಿನಚರಿ ಒಂಚೂರು ಬದಲಾದ್ರೂ ತಡ್ಕೊಳಕ್ಕಾಗದೇ ಇರೋದು, ಶಬ್ದ ಸ್ಪರ್ಶ ವಾಸನೆಗೆ ವಿಪರೀತ ರಿಯಾಕ್ಷನ್ ಅಥವಾ ರಿಯಾಕ್ಷನ್ನೇ ಇಲ್ಲದಿರೋದು ಇನ್ನೊಂದು ಭಾಗ. ಒಂದೊಂದು ಭಾಗಕ್ಕೂ ಬೇರೆ ಬೇರೆ ಲೆವೆಲ್ ಹಾಕ್ಬೇಕು: 1 ಅಂದ್ರೆ ಸಪೋರ್ಟ್ ಬೇಕು, 2 ಅಂದ್ರೆ ಸಾಕಷ್ಟು ಸಪೋರ್ಟ್ ಬೇಕು, 3 ಅಂದ್ರೆ ತುಂಬಾನೇ ಬೇಕು. ಮಗು ಒಂದರಲ್ಲಿ 2 ಇನ್ನೊಂದರಲ್ಲಿ 1 ಇರಬಹುದು. ಆದ್ರೆ ನಮ್ಮ ಕಡೆ ಬಹಳಷ್ಟು ರಿಪೋರ್ಟಲ್ಲಿ ಒಂದೇ ನಂಬರ್ ಬರೆದು ಕೈ ತೊಳ್ಕೊಂಡಿರ್ತಾರೆ, ನನಗಂತೂ ಅದನ್ನ ನೋಡಿದಾಗೆಲ್ಲಾ ಸಿಟ್ಟು ಬರತ್ತೆ. ಇನ್ನೊಂದು, ಈ ಲೆವೆಲ್ ಜೀವನಪೂರ್ತಿ ಇರೋ ಸೀಲ್ ಅಲ್ಲ, ಜಾಗ ಬದಲಾದ್ರೆ, ವಯಸ್ಸಾಗ್ತಾ ಹೋದ್ರೆ ಬದಲಾಗತ್ತೆ ಅಂತ ಆ ಕೈಪಿಡಿನೇ ಹೇಳತ್ತೆ. ಮನೇಲಿ ಆರಾಮಾಗಿರೋ ಹುಡುಗ ನಲವತ್ತು ಮಕ್ಕಳ ಕ್ಲಾಸಲ್ಲಿ ಕೂತ್ರೆ ಲೆವೆಲ್ ಮೂರರ ಹಾಗೆ ಕಾಣಬಹುದು.

ಇನ್ನು ‘ಮೈಲ್ಡ್’. ಅದು ಇಸಾ ಅಂತ ಕರೆಯೋ ನಮ್ಮ ದೇಶದ್ದೇ ಆಟಿಸಂ ಸ್ಕೇಲ್, ಸರ್ಕಾರಿ ಸರ್ಟಿಫಿಕೇಟ್‌ಗೆ ಅದನ್ನೇ ಬಳಸೋದು. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಮ್ಮಿ ಬಂದ್ರೆ ಆಟಿಸಂ ಇಲ್ಲ, 70ರಿಂದ 106 ಮೈಲ್ಡ್, 107ರಿಂದ 153 ಮಾಡರೇಟ್, ಅದಕ್ಕೂ ಮೇಲೆ ಸಿವಿಯರ್. ಈ ‘ಮೈಲ್ಡ್’ ಆ ಸ್ಕೇಲಿನ ಕೆಳಗಿನ ಮೆಟ್ಟಿಲಿನ ಹೆಸರು, ಡಿಎಸ್‌ಎಂನ ಲೆವೆಲ್ ಒಂದಕ್ಕೆ ಸಮ ಅಂತ ತಿಳ್ಕೋಬೇಡಿ, ಎರಡನ್ನೂ ಕಟ್ಟಿದವರು ಬೇರೆ, ಉದ್ದೇಶಾನೂ ಬೇರೆ. ಮೈಲ್ಡ್ ಅಂತ ಬರೆದ್ರೂ ಸಾಮಾನ್ಯವಾಗಿ 40 ಪರ್ಸೆಂಟ್ ಗೆರೆ ದಾಟಿರತ್ತೆ, ಅಂದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಿಗೋ ಸವಲತ್ತಿಗೆ ನಿಮ್ಮ ಮಗ ಬರ್ತಾನೆ. ಆ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಮೈಲ್ಡ್ ಅಂದ್ರಲ್ಲ, ಇನ್ನು ಥೆರಪಿ ಯಾಕೆ ಅಂತ ಯಾರಾದ್ರೂ ಮನೇಲಿ ರಾಗ ತೆಗೆದ್ರೆ ಆ ಕಿವೀಲಿ ಕೇಳಿ ಈ ಕಿವೀಲಿ ಬಿಟ್ಬಿಡಿ.

ಮೂರನೇದು ಪಿಡಿಡಿ-ಎನ್‌ಓಎಸ್. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1943ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ್ರು, ತಮ್ಮ ಲೋಕದಲ್ಲೇ ಇರೋ ಮಕ್ಕಳು, ಬದಲಾವಣೆ ಅಂದ್ರೆ ಆಗದ ಮಕ್ಕಳು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಜರ್ ಇನ್ನೊಂದಿಷ್ಟು ಹುಡುಗರ ಬಗ್ಗೆ ಬರೆದ್ರು, ಮಾತು ದೊಡ್ಡವರ ಥರ, ಆದ್ರೆ ಜೊತೆಯವರ ಜೊತೆ ಸೇರಕ್ಕೇ ಬರಲ್ಲ ಅನ್ನೋ ಥರದವರು. ಆಸ್ಪರ್ಜರ್ ಬರೆದಿದ್ದು ಜರ್ಮನ್ನಲ್ಲಿ, ಹೊರಗೆ ಹೆಚ್ಚು ಜನ ಓದ್ಲೇ ಇಲ್ಲ, 1981ರಲ್ಲಿ ಇಂಗ್ಲೆಂಡಿನ ಲೋರ್ನಾ ವಿಂಗ್ ಅದನ್ನ ಎತ್ತಿ ಹೇಳಿದ್ಮೇಲೆ ‘ಆಸ್ಪರ್ಜರ್ಸ್ ಸಿಂಡ್ರೋಮ್’ ಅನ್ನೋ ಹೆಸರು ಚಾಲ್ತಿಗೆ ಬಂತು. 1994ರ ಡಿಎಸ್‌ಎಂ-4ರಲ್ಲಿ ಒಂದು ದೊಡ್ಡ ಕೊಡೆ ಕೆಳಗೆ ಐದು ಹೆಸರು ಇಟ್ರು: ಆಟಿಸ್ಟಿಕ್ ಡಿಸಾರ್ಡರ್, ಆಸ್ಪರ್ಜರ್ಸ್, ರೆಟ್, ಚೈಲ್ಡ್‌ಹುಡ್ ಡಿಸ್‌ಇಂಟಿಗ್ರೇಟಿವ್ ಡಿಸಾರ್ಡರ್, ಮತ್ತೆ ಯಾವ್ದಕ್ಕೂ ಪೂರ್ತಿ ಹೊಂದದೇ ಇರೋರಿಗೆ ಪಿಡಿಡಿ-ಎನ್‌ಓಎಸ್. ಅಂದ್ರೆ ಲಕ್ಷಣ ಇದೆ, ಆದ್ರೆ ಪಟ್ಟಿಯಲ್ಲಿ ಕೇಳಿದಷ್ಟು ಇಲ್ಲ ಅಂತ. ನಿಮ್ಮ ಥೆರಪಿ ಸೆಂಟರ್‌ನವರು ಆ ಹಳೇ ಫಾರಂ ಇನ್ನೂ ಬದಲಾಯ್ಸಿಲ್ಲ, ಅಷ್ಟೇ ವಿಷಯ.

ಈ ಐದರಲ್ಲಿ ರೆಟ್ ಬಿಟ್ಟು ಉಳಿದ ನಾಲ್ಕನ್ನ 2013ರಲ್ಲಿ ಯಾಕೆ ಒಂದು ಮಾಡಿದ್ರು ಅನ್ನೋದಕ್ಕೆ ಒಂದು ಸ್ಟಡಿ ಹೇಳ್ತೀನಿ, ನಿಮಗಂತೂ ತಮಾಷೆ ಅನ್ನಿಸತ್ತೆ. ಅಮೆರಿಕ ಕೆನಡಾದ 12 ಯೂನಿವರ್ಸಿಟಿ ಕ್ಲಿನಿಕ್‌ಗಳಲ್ಲಿ 2000ಕ್ಕೂ ಹೆಚ್ಚು ಮಕ್ಕಳನ್ನ ಒಂದೇ ಥರದ ಪರೀಕ್ಷೆಗಳಿಂದ ನೋಡಿದ್ರು, ಕ್ಯಾಥರೀನ್ ಲಾರ್ಡ್ ಮತ್ತೆ ಅವರ ತಂಡ, 2012ರಲ್ಲಿ ಪ್ರಕಟ ಆಯ್ತು. ಆಟಿಸಂ ಇದೆಯಾ ಇಲ್ವಾ ಅನ್ನೋದ್ರಲ್ಲಿ ಪರಿಣತರು ಒಪ್ತಿದ್ರು, ಆದ್ರೆ ಅದು ಆಸ್ಪರ್ಜರ್ಸಾ, ಪಿಡಿಡಿ-ಎನ್‌ಓಎಸ್ಸಾ, ಆಟಿಸ್ಟಿಕ್ ಡಿಸಾರ್ಡರ್ರಾ ಅನ್ನೋದು ಮಗು ಹೇಗಿದೆ ಅನ್ನೋದಕ್ಕಿಂತ ಯಾವ ಕ್ಲಿನಿಕ್‌ಗೆ ಹೋಗಿದೆ ಅನ್ನೋದ್ರ ಮೇಲೆ ಜಾಸ್ತಿ ನಿಂತಿತ್ತು! ಅಷ್ಟು ದೊಡ್ಡ ಕ್ಲಿನಿಕ್‌ಗಳಲ್ಲೇ ಹೀಗಂದ್ಮೇಲೆ ನೀವು ಮೂರು ಬಾಗಿಲು ಹತ್ತಿ ಮೂರು ಹೆಸರು ತಂದಿದ್ರಲ್ಲಿ ಏನಾಶ್ಚರ್ಯ.

ನಿಮ್ಮ ಮೈದುನನ ವಿಷಯ. ಹಳೇ ನಿಯಮದಲ್ಲೂ ಆಸ್ಪರ್ಜರ್ಸ್ ಅನ್ನಬೇಕಂದ್ರೆ ಮಾತು ತಡ ಆಗಿರಬಾರದು, ಎರಡು ವರ್ಷಕ್ಕೆ ಬಿಡಿ ಪದ, ಮೂರು ವರ್ಷಕ್ಕೆ ಕೆಲಸಕ್ಕೆ ಬರೋ ಪುಟ್ಟ ವಾಕ್ಯ ಬಂದಿರ್ಬೇಕು. ಹಸಿವು ಅಂತ ಹೇಳಕ್ಕೆ ನಾಲ್ಕೂವರೆಗೂ ಬರ್ತಿಲ್ಲ ಅಂದ್ರೆ ಆ ಹೆಸರು ಆಗ್ಲೂ ಹೊಂದ್ತಿರ್ಲಿಲ್ಲ, ಎಬಿಸಿಡಿ ಎಷ್ಟೇ ಹಿಂದೆಮುಂದೆ ಹೇಳಿದ್ರೂ. ದೊಡ್ಡವರಾದ ಕೆಲವರು ಆ ಹೆಸರನ್ನ ತಮ್ಮದು ಅಂತ ಇಟ್ಕೊಂಡಿದಾರೆ, ಅದು ಅವರ ಇಷ್ಟ. ಬಿಟ್ಟವರೂ ಇದಾರೆ, ಯಾಕಂದ್ರೆ ನಾಜಿಗಳ ಕಾಲದಲ್ಲಿ ಆಸ್ಪರ್ಜರ್ ಕೆಲವು ಅಂಗವಿಕಲ ಮಕ್ಕಳನ್ನ ವಿಯೆನ್ನಾದ ಆಮ್ ಸ್ಪೀಗಲ್‌ಗ್ರುಂಡ್‌ಗೆ ಕಳ್ಸಿದ್ದು, ಮಕ್ಕಳನ್ನ ಕೊಲ್ತಿದ್ದ ಜಾಗ ಅದು, 2018ರಲ್ಲಿ ಹೆರ್ವಿಗ್ ಚೆಕ್ ಅನ್ನೋ ಇತಿಹಾಸಕಾರರು ದಾಖಲೆ ಸಮೇತ ಬಯಲಿಗೆ ತಂದ್ರು.

ರೆಟ್ ಮತ್ತೆ ಡಿಸ್‌ಇಂಟಿಗ್ರೇಟಿವ್ ಬಗ್ಗೆ ಚಿಕ್ಕದಾಗಿ. ರೆಟ್ ಈಗ ಬೇರೆನೇ ಕಾಯಿಲೆ, ಎಂಇಸಿಪಿ2 ಅನ್ನೋ ಜೀನ್ ಕಾರಣ ಅಂತ 1999ರಲ್ಲಿ ಗೊತ್ತಾಯ್ತು, ಬಹುಪಾಲು ಹೆಣ್ಣುಮಕ್ಕಳಲ್ಲೇ ಕಾಣೋದು, ಕೈ ಹಿಂಡೋ ಥರ ಸದಾ ಉಜ್ಜುತ್ತಿರ್ತಾರೆ. ಇನ್ನೊಂದು, ಮೂರು ನಾಲ್ಕು ವರ್ಷದವರೆಗೆ ಚೆನ್ನಾಗಿ ಮಾತಾಡ್ತಿದ್ದ ಮಗು ಎಲ್ಲಾ ಕಳ್ಕೊಳೋದು, ವಿಯೆನ್ನಾದ ಥಿಯೋಡರ್ ಹೆಲರ್ 1908ರಲ್ಲೇ ಬರೆದಿದ್ದು, ಬಹಳ ಅಪರೂಪ. ಒಂದೂವರೆ ವರ್ಷದ ಆಸುಪಾಸಲ್ಲಿ ಬಂದಿದ್ದ ನಾಲ್ಕೈದು ಪದ ನಿಂತು ಹೋಗೋದು ಮಾತ್ರ ಆಟಿಸಂನಲ್ಲಿ ಅಪರೂಪ ಏನಲ್ಲ, ಅದು ಬೇರೆ ವಿಧ ಅಂತ ಹೆದರಬೇಡಿ. ಆದ್ರೆ ಮೂರು ವರ್ಷ ದಾಟಿದ ಮೇಲೆ ಬಂದ ಮಾತು ಹೋದ್ರೆ, ಅಥವಾ ಆಗಾಗ ಕಣ್ಣು ನೆಟ್ಟು ಮಂಕಾಗ್ತಿದ್ರೆ ತಡ ಮಾಡ್ದೆ ನರರೋಗ ತಜ್ಞರಿಗೆ ತೋರಿಸಿ ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ, ಮಾಡಿಸ್ಬೇಕು.

ಈಗ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, 2022ರ ಜನವರಿಯಿಂದ ಜಾರಿ, ಅದ್ರಲ್ಲೂ ಹೆಸರು ಒಂದೇ. ಆದ್ರೆ ಅದು ಎರಡು ವಿಷಯ ಬಿಡಿಸಿ ಬರೀರಿ ಅನ್ನತ್ತೆ: ಬುದ್ಧಿ ಬೆಳವಣಿಗೆಯ ತೊಂದರೆ ಇದೆಯೋ ಇಲ್ವೋ, ದಿನಬಳಕೆಗೆ ಆಗೋಷ್ಟು ಭಾಷೆ ಇದೆಯೋ ಇಲ್ವೋ. ನನ್ನ ಪ್ರಕಾರ ಲೆವೆಲ್ ನಂಬರ್‌ಗಿಂತ ಇದು ಎಷ್ಟೋ ವಾಸಿ, ಓದಿದ ತಕ್ಷಣ ಮಗು ಕಣ್ಮುಂದೆ ಬರತ್ತೆ. ನಿಮ್ಮೂರಿನ ಆಸ್ಪತ್ರೆ ಚೀಟೀಲಿ ಎಫ್84.0 ಅಂತ ಕಂಡ್ರೆ ಗಾಬರಿ ಆಗ್ಬೇಡಿ, ಅದು ಹಳೇ ಐಸಿಡಿ-10ರ ಕೋಡ್, ಬಾಲ್ಯದ ಆಟಿಸಂ ಅಂತ.

ಸರಿ, ಹಾಗಾದ್ರೆ ವಿಧಗಳೇ ಇಲ್ವಾ? ಇದಾವೆ ಮೇಡಂ, ಆದ್ರೆ ಡಬ್ಬಿಗಳ ಥರ ಇಲ್ಲ, ಒಂದು ಮಗೂಲೇ ಹಲವು ದಾರ ಬೇರೆ ಬೇರೆ ಬಿಗಿಯಲ್ಲಿ ಇರತ್ತೆ. ಒಂದೊಂದು ದಾರಾನೂ ಬಿಡಿಸಿ ನೋಡಿದ್ರೆ ನಿಮ್ಮ ಮಗನ ವಿಧ ಗೊತ್ತಾಗತ್ತೆ.

ಮೊದಲು ಜನರ ಜೊತೆ ಹೇಗೆ ಅನ್ನೋದು. 1979ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಲೋರ್ನಾ ವಿಂಗ್ ಮತ್ತೆ ಜುಡಿತ್ ಗೂಲ್ಡ್ ಮಕ್ಕಳನ್ನ ಗಮನಿಸಿ ಮೂರು ಥರ ಹೇಳಿದ್ರು, ಇವತ್ತಿಗೂ ನನಗೆ ಬಹಳ ಉಪಯೋಗಕ್ಕೆ ಬರೋದು ಅದೇ. ಒಂದು ಮದುವೆಮನೆ ನೆನೆಸ್ಕೊಳಿ. ಒಂದು ಮಗು ಚೌಟ್ರಿ ಮೂಲೇಲಿ ಕುರ್ಚಿ ಕಾಲು ತಿರುಗಿಸ್ತಾ ಕೂತಿರತ್ತೆ, ಕರೆದ್ರೆ ತಿರುಗಲ್ಲ, ಯಾರಾದ್ರೂ ಎತ್ಕೊಂಡ್ರೆ ಕೊಸರಾಡತ್ತೆ, ಇದು ದೂರ ಇರೋ ಥರ. ಇನ್ನೊಂದು ಮಗು ತಾನಾಗಿ ಯಾರ ಹತ್ರಾನೂ ಹೋಗಲ್ಲ, ಆದ್ರೆ ಬೇರೆ ಮಕ್ಕಳು ಕೈಹಿಡಿದು ಎಳ್ಕೊಂಡು ಹೋದ್ರೆ ಹೋಗತ್ತೆ, ಆಟದಲ್ಲಿ ಪಾಪು ಮಾಡಿದ್ರೆ ಪಾಪು ಆಗತ್ತೆ, ಇದು ಸುಮ್ಮನಿರೋ ಥರ, ಇಂಥವರನ್ನ ‘ಬಹಳ ಸಾಧು’ ಅಂತ ಹೊಗಳಿ ಹೊಗಳಿ ವರ್ಷಗಟ್ಲೆ ಯಾರೂ ಪತ್ತೆ ಹಚ್ಚಲ್ಲ. ಮೂರನೇದು ಸೀದಾ ಗೊತ್ತಿಲ್ಲದವರ ಹತ್ರ ಹೋಗಿ ನಿಮ್ಮ ಕಾರ್ ಯಾವ್ದು, ಎಷ್ಟು ಸಿಸಿ, ನಂಬರ್ ಏನು ಅಂತ ಕೇಳತ್ತೆ, ಉತ್ತರ ಮುಗಿಯೋದ್ರೊಳಗೆ ಮುಂದಿನವರ ಹತ್ರ ಹೋಗಿರತ್ತೆ. ಇಷ್ಟು ಮಾತಾಡೋ ಹುಡುಗನಿಗೆ ಆಟಿಸಂ ಹೆಂಗೆ ಅಂತ ನೆಂಟರು ನಿಮ್ಮನ್ನೇ ಬೈತಾರೆ, ಆದ್ರೆ ಇದೂ ಆಟಿಸಂನ ಮುಖಾನೇ. ಒಂದೇ ಮಗು ಮೂರು ವರ್ಷಕ್ಕೆ ಮೊದಲನೇ ಥರ ಇದ್ದು ಎಂಟು ವರ್ಷಕ್ಕೆ ಮೂರನೇ ಥರ ಆಗಬಹುದು, ಅದು ಬೆಳವಣಿಗೆ.

ಎರಡನೇದು ಮಾತು, ಇಲ್ಲಿ ಸ್ವಲ್ಪ ನಿಂತ್ಕೊಂಡು ನೋಡೋಣ. ಕೆಲವು ಮಕ್ಕಳಿಗೆ ಬಾಯಿಮಾತು ಬರೋದೇ ಇಲ್ಲ, ಆದ್ರೆ ಹೇಳಿದ್ದು ಅರ್ಥ ಆಗತ್ತೆ. ಕೆಲವರಿಗೆ ಮಾತು ಬರತ್ತೆ, ಆದ್ರೆ ಕೇಳಿದ್ದನ್ನೇ ತಿರುಗಿ ಹೇಳೋದು. ನೀರು ಬೇಕಾದಾಗ “ನೀರು ಬೇಕಾ ಪುಟ್ಟಾ?” ಅಂತ ನಿಮ್ಮ ರಾಗದಲ್ಲೇ ನಿಮ್ಮನ್ನೇ ಕೇಳ್ತಾರೆ, ಯಾಕಂದ್ರೆ ನೀರು ಸಿಗೋ ಮುಂಚೆ ಕೇಳ್ಸೋ ವಾಕ್ಯ ಅದೇ ತಾನೆ. ಅದನ್ನ ಗಿಣಿಪಾಠ ಅಂತ ನಿಲ್ಲಿಸೋಕೆ ಹೋಗ್ಬೇಡಿ, ಅದು ಕೇಳೋ ಪ್ರಯತ್ನ. ನೀರು ಕೊಡ್ತಾ “ನಂಗೆ ನೀರು ಬೇಕು” ಅಂತ ಅವನ ಪರವಾಗಿ ನೀವು ಹೇಳಿ. ಇನ್ನು ಮನೆಯವರೆಲ್ಲಾ ಕನ್ನಡ ಮಾತಾಡಿದ್ರೂ ಮಗು ಮಾತ್ರ ಯೂಟ್ಯೂಬ್ ರೈಮ್ಸ್‌ನ ಅಮೆರಿಕನ್ ಇಂಗ್ಲಿಷ್‌ನಲ್ಲಿ ಬಣ್ಣ, ಗ್ರಹ, ಡೈನೋಸಾರ್ ಎಲ್ಲಾ ಹೇಳೋದು, ಇದನ್ನ ಈಗ ಬಹಳ ನೋಡ್ತಿದೀವಿ. ಜನ ಕಲಿಸೋ ಭಾಷೆಗಿಂತ ಬದಲಾಗದೇ ಇರೋ ಸ್ಕ್ರೀನಿನ ಭಾಷೆ ಈ ಮಕ್ಕಳಿಗೆ ಹಿಡಿಯೋದು ಸುಲಭ ಅನ್ಸತ್ತೆ. ಕೊನೆಗೆ, ಮಾತು ಲೀಲಾಜಾಲ ಇದ್ದೂ ಅದ್ರ ಹಿಂದಿನ ಭಾವ ಹಿಡಿಯಕ್ಕೆ ಬರದೇ ಇರೋರು. “ಸುಮ್ನೆ ತಲೆ ತಿನ್ಬೇಡ ಹೋಗೋ” ಅಂದ್ರೆ ನಾನೆಲ್ಲಿ ತಿಂದೆ ಅಂತ ಅಳೋ ಆರನೇ ಕ್ಲಾಸಿನ ಹುಡುಗ, ಬುದ್ಧಿಗೇನೂ ಕೊರತೆ ಇಲ್ಲ, ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು.

ನಿಮ್ಮ ಮಗ ಬಸ್ ಬೋರ್ಡ್ ಓದೋದು ಹೈಪರ್‌ಲೆಕ್ಸಿಯಾ ಅನ್ನೋ ಥರ ಕಾಣತ್ತೆ, ಅಂದ್ರೆ ಅರ್ಥಕ್ಕಿಂತ ಮುಂಚೆ ಅಕ್ಷರ ಬಂದುಬಿಡೋದು. ‘ಅರಸೀಕೆರೆ’ ಅಂತ ಓದ್ತಾನೆ, ಆದ್ರೆ ಅದು ಒಂದು ಊರು, ಈ ಬಸ್ ಅಲ್ಲಿಗೆ ಹೋಗತ್ತೆ ಅನ್ನೋದು ಅವನಿಗೆ ಗೊತ್ತಿಲ್ದೇ ಇರಬಹುದು. ಮೈದುನ ಚುರುಕು ಅಂದಿದ್ದು ಇದನ್ನ ನೋಡೇ. ಚುರುಕು ನಿಜ, ಆದ್ರೆ ಅದು ಒಂದು ಮೂಲೇಲಿ, ಆಟಿಸಂನಲ್ಲಿ ಸಾಮರ್ಥ್ಯ ಹೀಗೇ ಏರುಪೇರು. ಒಳ್ಳೇ ಸುದ್ದಿ ಏನಂದ್ರೆ ಈ ಓದೋ ಶಕ್ತೀನೇ ಮಾತಿಗೆ ಮೆಟ್ಟಿಲು ಮಾಡ್ಕೋಬಹುದು: ಅನ್ನ, ನೀರು, ಹಸಿವು, ಸಾಕು, ಹೊರಗೆ ಅಂತ ಚೀಟಿ ಬರೆದು ಚಿತ್ರದ ಜೊತೆ ಅಡುಗೆಮನೆ ಬಾಗಿಲಿಗೆ ಅಂಟಿಸಿ, ಹಸಿವಾದಾಗ ಕೈಹಿಡಿದು ಆ ಚೀಟಿ ತೋರಿಸಿ, ತಕ್ಷಣ ಊಟ ಕೊಡಿ. ಚಿತ್ರ ಚೀಟಿ ಕೊಟ್ರೆ ಮಾತೇ ಬರಲ್ಲ ಅಂತ ಹೇಳೋರಿದಾರೆ, ಅದಕ್ಕೆ ಆಧಾರ ಇಲ್ಲ, ಎಷ್ಟೋ ಮಕ್ಕಳಿಗೆ ಮಾತಿಗೂ ಅದು ಸಹಾಯಾನೇ ಮಾಡತ್ತೆ. ಬುದ್ಧಿ ಪರೀಕ್ಷೆ ಅಂತ ಮಾಡ್ಸಿದ್ರೆ ಮಾತು ಬೇಡದ ಪರೀಕ್ಷೆ ಮಾಡಿ ಅಂತ ಕೇಳಿ, ಮಾತಿನ ಪ್ರಶ್ನೆ ಕೇಳಿ ಐಕ್ಯೂ ಕಮ್ಮಿ ಅಂತ ಬರೆಯೋದು ಈ ಮಕ್ಕಳಿಗೆ ಅನ್ಯಾಯ.

ಮೂರನೇ ದಾರ ಇಂದ್ರಿಯಗಳದ್ದು. ಕುಕ್ಕರ್ ಸೀಟಿ, ಮಿಕ್ಸಿ, ಮಂಗಳಾರತಿ ಜಾಗಟೆ, ಕಟಿಂಗ್ ಶಾಪಿನ ಮಷಿನ್ನು, ಕೆಲವು ಮಕ್ಕಳಿಗೆ ಇದು ನೋವೇ ಕೊಡತ್ತೆ. ಕೆಲವರಿಗೆ ಉಲ್ಟಾ, ಎಷ್ಟು ತಿರುಗಿದ್ರೂ ತಲೆ ಸುತ್ತಲ್ಲ, ಬಿದ್ರೂ ಅಳಲ್ಲ. 2013ರವರೆಗೆ ಇದು ಲಕ್ಷಣಗಳ ಪಟ್ಟೀಲೇ ಇರ್ಲಿಲ್ಲ ಅಂದ್ರೆ ನಂಬ್ತೀರಾ? ಊಟದ ಹಠ ಅಂತ ನಾವು ಬೈಯೋದ್ರಲ್ಲಿ ಅರ್ಧಕ್ಕರ್ಧ ಇದೇ. ಮೊಸರನ್ನದ ಮಧ್ಯೆ ಒಂದು ಸಾಸಿವೆ ಸಿಕ್ಕಿದ್ರೆ ಇಡೀ ತಟ್ಟೆ ತಳ್ಳೋ ಮಗೂನ ನಾಲಿಗೆ ಹಾಗಿರತ್ತೆ, ಕೊಬ್ಬು ಅಲ್ಲ. ಹಸಿವು ಹೇಳಲ್ಲ ಅಂದ್ರಲ್ಲ, ಕೆಲವರಿಗೆ ಹೊಟ್ಟೆಯ ಸೂಚನೆನೇ ಸರಿಯಾಗಿ ತಿಳಿಯಲ್ಲ, ಹಾಗಾಗಿ ಕೇಳೋವರೆಗೂ ಕಾಯ್ದೇ ಗಡಿಯಾರ ನೋಡಿ ಊಟ ಕೊಡಿ.

ನಾಲ್ಕನೇದು ಜೊತೆಗೆ ಬರೋ ತೊಂದರೆಗಳು: ಎಡಿಎಚ್‌ಡಿ (ಗಮನ ನಿಲ್ಲದೇ ಇರೋದು, ವಿಪರೀತ ಚಡಪಡಿಕೆ), ಮೂರ್ಛೆ, ನಿದ್ದೆ ಬರದಿರೋದು, ಮಲಬದ್ಧತೆ, ಆತಂಕ, ಕೆಲವರಲ್ಲಿ ಫ್ರಜೈಲ್ ಎಕ್ಸ್ ಥರದ ಜೆನೆಟಿಕ್ ಕಾರಣ. ಆಟಿಸಂ ಇದ್ರೆ ಎಡಿಎಚ್‌ಡಿ ಅಂತ ಬರೆಯಂಗಿಲ್ಲ ಅನ್ನೋ ನಿಯಮಾನೇ ಇತ್ತು ಹಳೇ ಕೈಪಿಡೀಲಿ, 2013ರಲ್ಲಿ ತೆಗೆದ್ರು. ಆಟಿಸಂನ ಮೂಲ ಲಕ್ಷಣಕ್ಕೆ ಮಾತ್ರೆ ಇಲ್ಲ, ಆದ್ರೆ ಈ ಜೊತೆಗಿರೋವಕ್ಕೆ ಇದೆ. ತನ್ನನ್ನೇ ಹೊಡ್ಕೊಳೋದು, ವಿಪರೀತ ಕೆರಳೋದು ಇದ್ರೆ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಕೊಡೋದುಂಟು, ಅದನ್ನ ಮಕ್ಕಳ ಮನೋವೈದ್ಯರು ತೂಕ ನೋಡಿ ಕೊಡ್ಬೇಕು. ದಿನಾ ಮಧ್ಯರಾತ್ರಿ ಎದ್ದು ಕೂರೋ ಮಗು ಬೆಳಗ್ಗೆ ಥೆರಪೀಲಿ ಏನ್ ಕಲಿಯತ್ತೆ ಹೇಳಿ, ನಿದ್ದೆ ಸರಿಹೋದ್ರೇನೇ ಲೆವೆಲ್ ಒಂದು ಮೆಟ್ಟಿಲು ಇಳಿದ ಹಾಗೆ ಕಾಣೋದನ್ನ ನೋಡಿದೀನಿ.

ಹೆಣ್ಣುಮಕ್ಕಳ ಮಾತು ಇಲ್ಲಿ ಸೇರಿಸ್ತೀನಿ, ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ದಿದ್ರೂ. ಆಸ್ಪತ್ರೆಗೆ ಬರೋರಲ್ಲಿ ನಾಲ್ಕು ಗಂಡುಮಕ್ಕಳಿಗೆ ಒಂದು ಹೆಣ್ಣು ಅನ್ನೋ ಲೆಕ್ಕ ಬಹಳ ವರ್ಷದಿಂದ ಇತ್ತು, ಸಂಶೋಧಕರು ಹೊರಗೆ ಹೋಗಿ ಹುಡುಕಿ ನೋಡಿದ ಸ್ಟಡಿಗಳನ್ನ ಒಟ್ಟು ಮಾಡಿದಾಗ ಅದು ಮೂರಕ್ಕೆ ಒಂದರ ಹತ್ರ ಬಂತು. ಹುಡುಗೀರು ಪಕ್ಕದವಳ ನಗು, ಕೂರೋ ರೀತಿ, ಮಾತು ಎಲ್ಲಾ ನೋಡಿ ಕಾಪಿ ಮಾಡಿ ದಿನಾ ದೂಡ್ತಾರೆ, ಮನೆಗೆ ಬಂದು ಬಾಗಿಲು ಹಾಕ್ಕೊಂಡು ಕುಸಿದು ಹೋಗ್ತಾರೆ. ನಾಚಿಕೆ ಸ್ವಭಾವ ಅಂತ ಎಲ್ಲರೂ ಒಪ್ಕೊಂಡುಬಿಟ್ಟಿರ್ತಾರೆ, ಇಪ್ಪತ್ತೈದಕ್ಕೋ ಮೂವತ್ತಕ್ಕೋ ಡಿಪ್ರೆಷನ್ ಅಂತ ಬಂದಾಗ ಹಿಂದಿನದು ಬಿಚ್ಕೊಳತ್ತೆ.

ಈ ದಾರಗಳನ್ನೆಲ್ಲಾ ಒಟ್ಟಿಗೆ ಇಟ್ಟು ಲೆಕ್ಕ ಹಾಕೋ ಪ್ರಯತ್ನ ಇತ್ತೀಚೆಗೆ ನಡೀತು. 2025ರ ಜುಲೈನಲ್ಲಿ ಪ್ರಿನ್ಸ್‌ಟನ್ ಮತ್ತೆ ಸೈಮನ್ಸ್ ಫೌಂಡೇಶನ್‌ನ ಸಂಶೋಧಕರು 5000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿ ನಾಲ್ಕು ಗುಂಪು ಕಂಡ್ರು. ಸುಮಾರು 37 ಪರ್ಸೆಂಟ್ ಮಕ್ಕಳಲ್ಲಿ ಬೆಳವಣಿಗೆ ತಡ ಇಲ್ಲ, ಆದ್ರೆ ಬೆರೆಯೋದು ಕಷ್ಟ, ಜೊತೆಗೆ ಎಡಿಎಚ್‌ಡಿ ಆತಂಕ ಜಾಸ್ತಿ. ಸುಮಾರು 34 ಪರ್ಸೆಂಟ್‌ಗೆ ಎಲ್ಲಾ ಲಕ್ಷಣಾನೂ ಹಗುರ. 19 ಪರ್ಸೆಂಟ್‌ಗೆ ನಡಿಗೆ ಮಾತು ತಡ, ಆದ್ರೆ ಆತಂಕ ಕೋಪ ಕಮ್ಮಿ. ಉಳಿದ 10 ಪರ್ಸೆಂಟ್‌ಗೆ ಎಲ್ಲಾ ಕಡೆನೂ ಹೆಚ್ಚು ತೊಂದರೆ. ಗುಂಪಿಂದ ಗುಂಪಿಗೆ ಜೀನ್‌ಗಳ ಚಿತ್ರಾನೂ ಬೇರೆ ಇತ್ತು ಅನ್ನೋದು ಇದ್ರ ವಿಶೇಷ. ಇದು ಇನ್ನೂ ಸಂಶೋಧನೆ ಮಟ್ಟದಲ್ಲಿದೆ, ನಿಮ್ಮ ಮಗ ಯಾವ ಗುಂಪು ಅಂತ ಹೇಳೋ ಟೆಸ್ಟ್ ಇದೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ. ಇನ್ನೊಂದು ಕಡೆ, 2021ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಕಮಿಷನ್‌ನವರು ದಿನದ 24 ಗಂಟೆ ದೊಡ್ಡವರ ಆಸರೆ ಬೇಕಾದವರಿಗೆ ‘ಪ್ರೊಫೌಂಡ್ ಆಟಿಸಂ’ ಅಂತ ಬೇರೆ ಪದ ಬೇಕು ಅಂದ್ರು, ಎಂಟು ವರ್ಷ ಆಗೋವರೆಗೂ ಆ ಪದ ಹಾಕ್ಬೇಡಿ ಅಂತಾನೂ ಅಂದ್ರು. ಒಂದೇ ಹೆಸರಲ್ಲಿ ಎಲ್ಲರನ್ನೂ ಸೇರಿಸಿದ್ರೆ ತುಂಬಾ ಕಷ್ಟ ಇರೋರು ಮರೆಗೆ ಹೋಗ್ತಾರೆ ಅನ್ನೋದು ಅವರ ವಾದ, ಮತ್ತೆ ಡಬ್ಬಿ ಮಾಡ್ಬೇಡಿ ಅನ್ನೋದು ಇನ್ನೊಂದು ಕಡೆಯವರ ವಾದ. ನನಗೆ ಮೊದಲನೇದ್ರಲ್ಲಿ ಹುರುಳಿದೆ ಅನ್ಸತ್ತೆ. ಇಪ್ಪತ್ತು ವರ್ಷದ, ಮಾತಿಲ್ಲದ ಮಗನ್ನ ನೋಡ್ಕೊಳೋ ತಾಯಿಗೂ, ಸಾಫ್ಟ್‌ವೇರ್ ಕಂಪನೀಲಿ ಕೆಲಸ ಮಾಡ್ತಾ ಆಟಿಸಂ ಅಂತ ಗೊತ್ತಾದ ಇಂಜಿನಿಯರ್‌ಗೂ ಬೇಕಾಗಿರೋ ಸಹಾಯ ಅಜಗಜಾಂತರ.

ಎಂಟು ವರ್ಷ ಯಾಕೆ ಅಂದ್ರೆ ಚಿಕ್ಕ ವಯಸ್ಸಲ್ಲಿ ಮುಂದಿನದು ಹೇಳಕ್ಕಾಗಲ್ಲ. ಕ್ಯಾನರ್ ಬರೆದ 11 ಮಕ್ಕಳಲ್ಲಿ ಮೊದಲನೇ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಚಿಕ್ಕವನಿದ್ದಾಗ ಮನೆಯಿಂದ ದೂರ ಒಂದು ಸಂಸ್ಥೇಲಿ ಬಿಟ್ಟಿದ್ರು, ಆಮೇಲೆ ವಾಪಸ್ ಕರ್ಕೊಂಡು ಬಂದ್ರು. ಅವರು ಕಾಲೇಜು ಓದಿ, ಮಿಸಿಸಿಪ್ಪಿಯ ತಮ್ಮೂರಿನ ಬ್ಯಾಂಕಲ್ಲಿ ಕೆಲಸ ಮಾಡಿ, ಗಾಲ್ಫ್ ಆಡ್ತಾ, ದೇಶ ಸುತ್ತಾ 89 ವರ್ಷ ಬದುಕಿದ್ರು, 2023ರಲ್ಲಿ ತೀರಿಕೊಂಡ್ರು. ಎಲ್ಲರಿಗೂ ಹೀಗಾಗತ್ತೆ ಅಂತ ನಾನು ಹೇಳಲ್ಲ, ಅವರ ಮನೆಯವರಿಗೆ ಅನುಕೂಲ ಇತ್ತು, ಊರವರು ಅವರನ್ನ ಇದ್ದ ಹಾಗೆ ಒಪ್ಕೊಂಡಿದ್ರು.

ಅತ್ತೆಯವರಿಗೆ ಏನ್ ಹೇಳ್ಬೇಕು ಅಂದ್ರೆ, ಮೊಬೈಲಿಂದ ಆಟಿಸಂ ಬರಲ್ಲ. ‘ವರ್ಚುವಲ್ ಆಟಿಸಂ’ ಅಂತ ವಾಟ್ಸಾಪಲ್ಲಿ ಓಡಾಡೋ ಹೆಸರು ಯಾವ ಕೈಪಿಡೀಲೂ ಇಲ್ಲ. ಗಂಟೆಗಟ್ಲೆ ಸ್ಕ್ರೀನ್ ನೋಡಿದ್ರೆ ಮಾತಾಡಕ್ಕೆ, ಆಡಕ್ಕೆ ಸಿಗೋ ಹೊತ್ತು ಹೋಗತ್ತೆ, ಮಾತು ಇನ್ನಷ್ಟು ತಡ ಆಗತ್ತೆ, ಅದು ನಿಜ, ಕಮ್ಮಿ ಮಾಡಿ. ಅದಕ್ಕೂ ಇದಕ್ಕೂ ಗಂಟು ಹಾಕಿ ಸೊಸೆ ತಲೆಗೆ ಕಟ್ಟೋದು ಬೇಡ. ಆಟಿಸಂ ಬಹುಪಾಲು ಹುಟ್ಟಿಗೆ ಮುಂಚೆನೇ, ಜೀನ್‌ಗಳಲ್ಲಿ, ಮೆದುಳಿನ ಬೆಳವಣಿಗೇಲಿ ಶುರುವಾಗಿರತ್ತೆ. ಲಸಿಕೆನೂ ಕಾರಣ ಅಲ್ಲ, 1998ರಲ್ಲಿ ಹಾಗಂತ ಸುಳಿವು ಕೊಟ್ಟ ಲೇಖನಾನ ಲ್ಯಾನ್ಸೆಟ್ 2010ರಲ್ಲಿ ವಾಪಸ್ ತಗೊಂಡಿತು, ಡೆನ್ಮಾರ್ಕಲ್ಲಿ ಆರೂವರೆ ಲಕ್ಷ ಮಕ್ಕಳನ್ನ ನೋಡಿದಾಗ್ಲೂ ಸಂಬಂಧ ಸಿಗಲಿಲ್ಲ. ಸ್ಟೆಮ್ ಸೆಲ್ ಹಾಕಿ ವಾಸಿ ಮಾಡ್ತೀವಿ ಅಂತ ಲಕ್ಷಗಟ್ಟಲೆ ಕೇಳೋರಿದಾರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾರ್ಗಸೂಚಿ ಪ್ರಕಾರ ಸಂಶೋಧನೆ ಬಿಟ್ಟು ಹೊರಗೆ ಅದನ್ನ ಆಟಿಸಂಗೆ ಚಿಕಿತ್ಸೆ ಅಂತ ಕೊಡಂಗಿಲ್ಲ. ಒಡವೆ ಅಡ ಇಟ್ಟು ಅಲ್ಲಿಗೆ ಹೋಗ್ಬೇಡಿ.

ಮನೇಲಿ ಕನ್ನಡ ಬಿಡ್ಬೇಡಿ. ಇಂಗ್ಲಿಷ್ ಒಂದೇ ಮಾತಾಡಿ, ಎರಡು ಭಾಷೆ ಆದ್ರೆ ಗೊಂದಲ ಅಂತ ಸ್ಕೂಲಲ್ಲೋ ಸೆಂಟರಲ್ಲೋ ಹೇಳಿರಬಹುದು. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳಲ್ಲ ಅಂತ ಹಲವು ಸ್ಟಡಿಗಳು ತೋರಿಸಿವೆ. ಅಜ್ಜಿ ಮಾತಾಡ್ಸೋದೇ ಕನ್ನಡದಲ್ಲಿ, ಆ ಅಜ್ಜಿ ಜೊತೆ ಮಾತು ನಿಲ್ಲಿಸಿ ಇಂಗ್ಲಿಷ್ ಯಾರ ಹತ್ರ ಕಲೀತಾನೆ?

ಇನ್ನು ಪೇಪರ್ ಕೆಲಸ. ‘ಮೈಲ್ಡ್’ ಅಂತ ಬರೆದ ಸರ್ಟಿಫಿಕೇಟ್ ಜೋಪಾನ ಇಡಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ, ಟ್ಯಾಕ್ಸ್ ವಿನಾಯಿತಿಗೆ, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ, ಮುಂದೆ ಪರೀಕ್ಷೇಲಿ ಹೆಚ್ಚಿನ ಸಮಯ ಕೇಳಕ್ಕೆ ಬೇಕಾಗೋದು ಅದೇ. ನಿರಾಮಯದಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿಗೂ ಒಂದು ಮಿತಿಯಲ್ಲಿ ಸಿಗತ್ತೆ. ಥೆರಪಿಗೆ ಮಾತ್ರ ‘ಲೆವೆಲ್ 2’ ಬರೆದವರ ಹತ್ರ ವಾಪಸ್ ಹೋಗಿ, ಎರಡು ಭಾಗಕ್ಕೂ ಬೇರೆ ಬೇರೆ ಲೆವೆಲ್ ಬರೀರಿ, ಅರ್ಥ ಮಾಡ್ಕೊಳೋದು ಎಷ್ಟು ವರ್ಷದ ಮಗೂಂದು, ಹೇಳೋದು ಎಷ್ಟು ವರ್ಷದ ಮಗೂಂದು, ಇಂದ್ರಿಯ, ನಿದ್ದೆ, ಸ್ವಂತ ಕೆಲಸ ಎಲ್ಲಾ ಬಿಡಿಸಿ ಬರೀರಿ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು, ಸಂಕೋಚ ಬೇಡ. ಹಾಗೆ ಸಿಗ್ಲಿಲ್ಲ ಅಂದ್ರೆ ನಿಮಗೆ ಹತ್ರ ಅಂದ್ರೆ ಮೈಸೂರಿನ ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೆ ಆಯಿಷ್, ಇಲ್ಲಾ ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ. ದಿನಬಳಕೆ ಥೆರಪಿಗೆ ಜಿಲ್ಲಾಸ್ಪತ್ರೆಗೆ ಸೇರಿದ, ಮಕ್ಕಳ ಬೆಳವಣಿಗೆ ತೊಂದರೆ ನೋಡೋ ಡಿಇಐಸಿ ಕೇಂದ್ರದಲ್ಲಿ ವಿಚಾರಿಸಿ, ಫೀಸ್ ಇರಲ್ಲ. ಹೋಗುವಾಗ ಫೋನಲ್ಲಿ ಮೂರ್ನಾಲ್ಕು ಚಿಕ್ಕ ವಿಡಿಯೋ ಇಟ್ಕೊಳಿ, ಊಟದ ಹೊತ್ತಿಂದು, ಬೇರೆ ಮಕ್ಕಳ ಜೊತೆ ಇರೋದು, ಸಿಟ್ಟು ಬಂದಾಗಿಂದು, ಖುಷಿಯಾಗಿರೋದು. ಹೊಸ ರೂಮಲ್ಲಿ ಅರ್ಧ ಗಂಟೇಲಿ ಕಾಣದೇ ಇರೋದು ಅದ್ರಲ್ಲಿ ಕಾಣತ್ತೆ.

ಒಂದು ಮಾತ್ರ ಇದೆಲ್ಲಕ್ಕಿಂತ ಮುಂಚೆ ಆಗ್ಬೇಕು. ನೀವು ಹೇಳಿರೋ ಮೂರು ರಿಪೋರ್ಟಲ್ಲೂ ಕಿವಿ ಪರೀಕ್ಷೆಯ ಸುದ್ದಿ ಇಲ್ಲ. ಹಾಡು ಕೇಳಿ ಓಡಿ ಬರ್ತಾನೆ, ಕಿವಿ ಸರಿ ಇದೆ ಅಂತ ಅಂದ್ಕೊಳೋದು ಸಾಲಲ್ಲ, ಕೆಲವು ಶಬ್ದ ಮಾತ್ರ ಕೇಳದೇ ಇರೋ ಮಕ್ಕಳು ಇರ್ತಾರೆ. ಬೇರಾ ಅಂತ ಕಿವಿ ಟೆಸ್ಟ್ ಇದೆ, ಮಗು ಮಲಗಿರುವಾಗ ಮಾಡ್ತಾರೆ, ನೋವಿಲ್ಲ. ಮಾಡ್ಸಿಲ್ಲ ಅಂದ್ರೆ ಈ ವಾರಾನೇ ಮಾಡ್ಸಿ, ಆ ರಿಪೋರ್ಟ್ ಕೈಲಿಟ್ಕೊಂಡೇ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಹೋಗಿ.